ಓದುಗರ ಪ್ರಶ್ನೆ: ಮೇಪಲ್ ಆಲೆಮನೆಗೆ ಜನ ಕರೆಯೋದು ಹೇಗೆ?

ಎರಡು ಸಂಚಿಕೆ ಹಿಂದೆ ಈ ಅಂಕಣದಲ್ಲಿ ನಮ್ಮ ಮನೆಯ ಮೇಪಲ್ ಸಿರಪ್, ಅಂದರೆ ಮೇಪಲ್ ಮರದ ನೀರು ಕಾಯಿಸಿ ಮಾಡುವ ಸಿಹಿ ಪಾಕದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಾನು ಹುಟ್ಟಿದ್ದು ಸಿದ್ದಾಪುರ ತಾಲೂಕಿನ ಅಡಿಕೆ ತೋಟದ ಮನೆಯಲ್ಲಿ. ಸೇರಿದ್ದು ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಫಾರ್ಮ್. ಮಾರ್ಚ್ ಕೊನೆಗೆ ಎರಡು ದಿನ ಬಾಗಿಲು ತೆರೆದಿಟ್ಟು, ಬಂದವರಿಗೆಲ್ಲ ಸಿರಪ್ ಕಾಯಿಸೋದನ್ನು ತೋರಿಸುತ್ತೇವೆ ಅಂದಿದ್ದೇ ತಡ, ಪ್ರಶ್ನೆಗಳ ರಾಶಿ ಬಂದುಬಿದ್ದಿದೆ. ಈ ಸಲ ಪೂರ್ತಿ ಜಾಗ ಅದಕ್ಕೇ.

ಮೇಡಂ, ಓದಿದರೆ ನಮ್ಮ ಆಲೆಮನೆ ಹಾಗೇ ಅನಿಸಿತು. ನಿಜಕ್ಕೂ ಅಷ್ಟು ಹೋಲುತ್ತದಾ? ಬಂದವರಿಂದ ಟಿಕೆಟ್ ದುಡ್ಡು ತಗೊಳ್ತೀರಾ?
— ಸಾಗರದ ಓದುಗರು

ಹೋಲುತ್ತದೆ. ಮೊದಲ ವರ್ಷ ಸಿರಪ್ ಕಾಯಿಸುವ ಮನೆಯೊಳಗೆ ಕಾಲಿಟ್ಟಾಗ ಆವಿಯ ಮಧ್ಯೆ ಮಾವನ ಮುಖ ಕಾಣದೆ, ಬರೀ ಅವರ ಟೊಪ್ಪಿ ಕಂಡಿತ್ತು. ನಮ್ಮಜ್ಜ ಕೊಪ್ಪರಿಗೆ ಪಕ್ಕ ನಿಂತಾಗಲೂ ಹೀಗೇ. ಅಲ್ಲಿ ಕಬ್ಬಿನ ಹಾಲು, ಇಲ್ಲಿ ಮರದ ನೀರು. ಅಲ್ಲಿ ಗಾಣ, ಇಲ್ಲಿ ಮರಕ್ಕೆ ಕೊರೆದ ಒಂದು ಸಣ್ಣ ತೂತು. ಕೊಪ್ಪರಿಗೆ ದುಂಡಗಿರುತ್ತದೆ, ಇಲ್ಲಿಯದು ಉದ್ದನೆಯ ಸ್ಟೀಲ್ ತಟ್ಟೆ, ಒಳಗೆ ಅಂಕುಡೊಂಕು ಓಣಿಗಳು. ನೀರು ಹಿಂದಿನಿಂದ ಬರುತ್ತಾ ಬರುತ್ತಾ ಗಟ್ಟಿಯಾಗಿ, ಮುಂದಿನ ಮೂಲೆಗೆ ಬರುವಷ್ಟರಲ್ಲಿ ಸಿರಪ್ ಆಗಿರುತ್ತದೆ. ಚಾವಣಿಯ ನೆತ್ತಿಯಲ್ಲಿ ಎರಡು ಬಾಗಿಲು. ಒಲೆ ಹಚ್ಚಿದ ಕೂಡಲೇ ಅದನ್ನು ತೆರೆಯುತ್ತಾರೆ. ದೂರದ ರಸ್ತೆಯಿಂದಲೇ ಆವಿ ಏಳೋದು ಕಂಡರೆ 'ಓ, ಇವತ್ತು ಕಾಯಿಸ್ತಿದ್ದಾರೆ' ಅಂತ ಅಕ್ಕಪಕ್ಕದವರು ಬರೋದು ಹಳೇ ರೂಢಿ. ಓಪನ್ ಹೌಸ್ ಅಂತ ಹೆಸರಿಟ್ಟು ದಿನ ಗೊತ್ತು ಮಾಡಿದ್ದು ಆಮೇಲೆ. ವರ್ಮಾಂಟ್‌ನಲ್ಲಿ ಸಿರಪ್ ಮಾಡುವವರ ಸಂಘವೇ ಪ್ರತಿ ಮಾರ್ಚ್‌ನಲ್ಲಿ ಇದನ್ನು ನಡೆಸುತ್ತದೆ. ಇನ್ನೂ ಪೂರ್ವಕ್ಕಿರುವ ಮೇನ್ ರಾಜ್ಯದಲ್ಲಿ ಮಾರ್ಚ್‌ನ ನಾಲ್ಕನೇ ಭಾನುವಾರ 'ಮೇಪಲ್ ಸಂಡೇ'. ನ್ಯೂಯಾರ್ಕ್, ನ್ಯೂ ಹ್ಯಾಂಪ್‌ಶೈರ್ ಕಡೆಯೂ ಇದೆ.

ಹೋಲದ್ದೂ ಇದೆ. ಕಬ್ಬಿನ ಹಾಲು ಕುಡಿದರೆ ಸಿಹಿ ತಲೆಗೇರುತ್ತದೆ. ಮೇಪಲ್ ನೀರು ಕುಡಿದರೆ 'ಇದರಲ್ಲಿ ಏನೋ ಇದೆಯಾ?' ಅನ್ನುವಷ್ಟೇ. ಸಕ್ಕರೆ ಇರೋದು ನೂರಕ್ಕೆ ಎರಡು ಪಾಲು. ಹಾಗಾಗಿ ಒಂದು ಗ್ಯಾಲನ್ ಸಿರಪ್‌ಗೆ ಸುಮಾರು 40 ಗ್ಯಾಲನ್ ನೀರು ಬೇಕು. ನಮ್ಮ ಮಾವ ಹೇಳುವ ಲೆಕ್ಕ ಸುಲಭ: 86ನ್ನು ಸಕ್ಕರೆ ಅಂಶದಿಂದ ಭಾಗಿಸಿ. ಎರಡು ಇದ್ದರೆ 43. ಒಂದೂವರೆಗೆ ಇಳಿದರೆ 57. ಸಿರಪ್ ಯಾಕೆ ಇಷ್ಟು ದುಬಾರಿ ಅಂತ ಕೇಳಿದ ಮೂವರಿಗೂ ಇದೇ ಉತ್ತರ. ಮಿಕ್ಕ ನೀರೆಲ್ಲ ಚಾವಣಿಯಿಂದ ಹೋಯಿತು, ಸೌದೆ ಒಲೆಯಲ್ಲಿ ಹೋಯಿತು.

ಟಿಕೆಟ್ ಇಲ್ಲ. ಆಲೆಮನೆಗೆ ಬಂದವರಿಗೆ ಹಾಲು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿ ಇದೆಯಾ? ಇಲ್ಲಿಯೂ ಒಳಗೆ ಬಂದವರ ಕೈಗೆ ಬಿಸಿ ಸಿರಪ್‌ನ ಪುಟ್ಟ ಲೋಟ ಬರುತ್ತದೆ. ಬಾಟಲಿ ಬೇಕಾದವರು ಕೊಳ್ಳುತ್ತಾರೆ. ಬೇಡದವರು ಒಲೆ ಪಕ್ಕ ಕೈ ಕಾಯಿಸಿಕೊಂಡು ಹೋಗುತ್ತಾರೆ. ಈ ಕೆಲಸ ನಮ್ಮ ಮಾವನ ಪೂರ್ವಜರಿಗಿಂತ ಎಷ್ಟೋ ಹಿಂದಿನದು, ಇಲ್ಲಿಯ ಮೂಲ ನಿವಾಸಿಗಳಾದ ಅಬೆನಾಕಿ ಜನ ಮೊದಲೇ ಮಾಡುತ್ತಿದ್ದರು. ಬಂದವರಿಗೆ ಅದನ್ನೂ ಹೇಳುತ್ತೇವೆ.

ನಾವು ಬಾಸ್ಟನ್ ಹತ್ತಿರ ಇದ್ದೇವೆ. ಊರಿನಿಂದ ಅಮ್ಮ ಬಂದಿದ್ದಾರೆ, ಮಕ್ಕಳೂ ಇದ್ದಾರೆ. ಓಪನ್ ಹೌಸ್‌ಗೆ ಕರೆದುಕೊಂಡು ಹೋಗಬೇಕು ಅಂತಿದೆ. ಆದರೆ ಸಿರಪ್‌ಗೆ ಹಂದಿ ಕೊಬ್ಬು ಹಾಕುತ್ತಾರೆ ಅಂತ ಯಾರೋ ಹೇಳಿ ಅಮ್ಮನ ತಲೆ ಕೆಡಿಸಿದ್ದಾರೆ. ನಿಜವಾ?
— ಬಾಸ್ಟನ್ ಕಡೆಯ ಓದುಗರು

ಪೂರ್ತಿ ಸುಳ್ಳಲ್ಲ. ಕುದಿಯುವಾಗ ನೊರೆ ಉಕ್ಕುತ್ತದೆ. ಒಂದು ಹನಿ ಕೊಬ್ಬು ಬಿದ್ದರೆ ನೊರೆ ಥಟ್ ಅಂತ ಕುಳಿತುಬಿಡುತ್ತದೆ. ಹಿಂದಿನ ಕಾಲದಲ್ಲಿ ಉಪ್ಪು ಹಾಕಿಟ್ಟ ಹಂದಿ ಮಾಂಸದ ತುಂಡೊಂದನ್ನು ದಾರಕ್ಕೆ ಕಟ್ಟಿ ತಟ್ಟೆಯ ಮೇಲೆ ತೂಗುಬಿಡುತ್ತಿದ್ದರು. ನೊರೆ ಅಲ್ಲಿಗೆ ಮುಟ್ಟಿದರೆ ತಾನೇ ಇಳಿಯುತ್ತಿತ್ತು. ಈಗ ಸಾಮಾನ್ಯವಾಗಿ ಒಂದೆರಡು ಹನಿ ಸಸ್ಯದ ಎಣ್ಣೆ, ಅಥವಾ ಬೆಣ್ಣೆ, ಕೆನೆ. ನಮ್ಮಲ್ಲಿ ಸೂರ್ಯಕಾಂತಿ ಎಣ್ಣೆ. ಬಾಗಿಲಲ್ಲೇ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಮ್ಮನಿಗೆ ಕೊಡಿಸಲೇಬೇಕಾದ್ದು 'ಶುಗರ್ ಆನ್ ಸ್ನೋ'. ಸಿರಪ್ಪನ್ನು ಮತ್ತೆ ಸುಮಾರು 112 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ, ತಟ್ಟೆಯಲ್ಲಿ ಒತ್ತಿ ತುಂಬಿದ ಹಿಮದ ಮೇಲೆ ಎಳೆ ಎಳೆಯಾಗಿ ಸುರಿಯುತ್ತಾರೆ. ಅದು ಅಲ್ಲೇ ಅಂಟು ಮಿಠಾಯಿ ಆಗುತ್ತದೆ. ಫೋರ್ಕ್‌ಗೆ ಸುತ್ತಿ ತಿನ್ನೋದು. ಜೊತೆಗೆ ಹುಳಿ ಸೌತೆಕಾಯಿ ಉಪ್ಪಿನಕಾಯಿ! ಮೊದಲ ಸಲ ನೋಡಿ ನನಗೆ ನಗು ಬಂತು. ಕಬ್ಬಿನ ಹಾಲಿನ ಜೊತೆ ನಾವು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಡುವುದಿಲ್ಲವಾ? ಅದೇ ಲೆಕ್ಕ. ಸಿಹಿ ಮುಖಕ್ಕೆ ಹೊಡೆದ ಮೇಲೆ ಹುಳಿ ಕಚ್ಚಿದರೆ ಇನ್ನೊಂದು ಸುತ್ತು ಸಿಹಿ ಹೋಗುತ್ತದೆ. ಪಕ್ಕದಲ್ಲಿ ಡೋನಟ್ ಕೂಡ ಕೊಡುತ್ತಾರೆ. ಮೊಟ್ಟೆ ಇರುತ್ತದೆ, ಕೆಲವರು ಪ್ರಾಣಿ ಕೊಬ್ಬಿನಲ್ಲೇ ಕರಿಯುತ್ತಾರೆ. ಅದನ್ನು ಅಮ್ಮ ಬಿಟ್ಟುಬಿಡಲಿ.

ಸೀರೆ ಉಡಿಸಿ ಕರೆತರಬೇಡಿ. ಇಲ್ಲಿ ಮಾರ್ಚ್‌ಗೆ 'ಮಡ್ ಸೀಸನ್' ಅಂತಲೇ ಹೆಸರು. ಮೊಣಕಾಲು ಮಟ್ಟದ ರಬ್ಬರ್ ಬೂಟು ಬೇಕು.

ನಾವು ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ ಐದು ಎಕರೆ ಕೊಂಡಿದ್ದೇವೆ. ಮೂವತ್ತು ದೊಡ್ಡ ಮೇಪಲ್ ಮರ ಇವೆ. ಬರುವ ಮಾರ್ಚ್‌ಗೆ ಕನ್ನಡ ಕೂಟದವರನ್ನೆಲ್ಲ ಕರೆದು ಓಪನ್ ಹೌಸ್ ಮಾಡುವ ಆಸೆ. ಎಲ್ಲಿಂದ ಶುರು ಮಾಡಬೇಕು?
— ಹೆಸರು ಬೇಡ ಅಂದ ಓದುಗರು

ಮೊದಲು ಲೆಕ್ಕ. ಒಂದು ತೂತಿನಿಂದ ಇಡೀ ಸೀಸನ್‌ಗೆ ಸುಮಾರು 10 ಗ್ಯಾಲನ್ ನೀರು ಬರಬಹುದು. ಮೂವತ್ತು ಮರ ಅಂದರೆ 300 ಗ್ಯಾಲನ್. ಅದನ್ನು ಕಾಯಿಸಿದರೆ ಉಳಿಯೋದು 7 ಗ್ಯಾಲನ್, ಅಂದರೆ 26 ಲೀಟರ್. ಮನೆಗೆ ಧಾರಾಳ, ಮಾರಾಟಕ್ಕೆ ಏನೂ ಅಲ್ಲ. ಹಾಗಾಗಿ ದುಡ್ಡಿನ ಆಸೆ ಈಗಲೇ ಬಿಟ್ಟುಬಿಡಿ. ಬಂದವರಿಗೆ ದೋಸೆ ಹಾಕಿ ಸಿರಪ್ ಸುರಿದು ಕೊಡಿ, ಸಾಕು.

ಮರ ಹೆಚ್ಚು ಸಿಹಿ ನೀರು ಕೊಡುವ ಶುಗರ್ ಮೇಪಲ್ ಜಾತಿಯದೇ ಹೌದಾ ಅಂತ ಎಲೆ ಇರುವಾಗಲೇ ನೋಡಿ ಬಣ್ಣದ ದಾರ ಕಟ್ಟಿಡಿ. ಫೆಬ್ರವರಿಯಲ್ಲಿ ಎಲ್ಲ ಮರವೂ ಒಂದೇ ಥರ ಬೋಳು. ಕಾಂಡ 10ರಿಂದ 12 ಇಂಚು ದಪ್ಪ ಇಲ್ಲದಿದ್ದರೆ ಮುಟ್ಟಬೇಡಿ. ಅಷ್ಟು ದಪ್ಪ ಆಗಲು ಕಾಡಿನಲ್ಲಿ ನಲವತ್ತು ವರ್ಷ ಹಿಡಿಯುತ್ತದೆ. ತೂತು 5/16 ಇಂಚು, ಆಳ ಒಂದೂವರೆ ಇಂಚು, ಅಷ್ಟೇ. ನಿಮ್ಮ ರಾಜ್ಯದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಮೇಪಲ್‌ಗೆಂದೇ ಒಂದು ವಿಭಾಗ ಇಟ್ಟಿದ್ದಾರೆ, ಅವರ ಮಾಹಿತಿ ತರಿಸಿಕೊಳ್ಳಿ. ಅಡುಗೆಮನೆಯಲ್ಲಿ ಮಾತ್ರ ಕಾಯಿಸಬೇಡಿ. 40 ಗ್ಯಾಲನ್‌ನಲ್ಲಿ 39 ಗ್ಯಾಲನ್ ಆವಿ ನಿಮ್ಮ ಗೋಡೆಗೆ ಹೋಗುತ್ತದೆ. ಹೊರಗೆ ಇಟ್ಟಿಗೆ ಒಲೆ, ಅದರ ಮೇಲೆ ಅಗಲದ ಸ್ಟೀಲ್ ಪಾತ್ರೆ. ಹಳೇ ಸಾಮಾನು ಅಂಗಡಿಯ ಬೆಸುಗೆ ಹಾಕಿದ ತಟ್ಟೆ ಚೆಂದ ಕಾಣುತ್ತದೆ ಅಂತ ತರಬೇಡಿ, ಹಳೇ ಬೆಸುಗೆಯಲ್ಲಿ ಸೀಸ ಇರುತ್ತದೆ.

ಇನ್ನು ದಿನಾಂಕ. ಇದೇ ಕಷ್ಟದ ವಿಷಯ. ರಾತ್ರಿ ನೀರು ಹೆಪ್ಪುಗಟ್ಟಬೇಕು, ಹಗಲು ಕರಗಬೇಕು, ಆಗ ಮಾತ್ರ ಮರ ನೀರು ಬಿಡುತ್ತದೆ. ನೀವು ಶನಿವಾರ ಹತ್ತು ಗಂಟೆಗೆ ಬನ್ನಿ ಅಂತ ನೂರು ಜನಕ್ಕೆ ಹೇಳಿದ್ದು ಮರಕ್ಕೆ ಗೊತ್ತಿಲ್ಲ. ಒಂದು ವರ್ಷ ನಮ್ಮಲ್ಲಿ ಗುರುವಾರದಿಂದ ಗಡಗಡ ಚಳಿ. ಮಧ್ಯಾಹ್ನವೂ ಸೊನ್ನೆಗಿಂತ ಕೆಳಗೆ. ಒಂದು ತೊಟ್ಟಿಲ್ಲ. ಶನಿವಾರ ಬೆಳಿಗ್ಗೆ ನೋಡಿದರೆ ಕಾರುಗಳ ಸಾಲು. ಖಾಲಿ ಒಲೆ ತೋರಿಸೋದು ಹೇಗೆ ಅಂತ ಮಾವ ತಟ್ಟೆಗೆ ಬಾವಿ ನೀರು ತುಂಬಿಸಿ ಒಲೆ ಹಚ್ಚಿಬಿಟ್ಟರು. ಆವಿ ಚೆನ್ನಾಗೇ ಎದ್ದಿತು. ಜನ ಫೋಟೊ ತೆಗೆದರು. ಆರೇಳು ವರ್ಷದ ಒಬ್ಬಳು ಹುಡುಗಿ ಮೂಗು ಎತ್ತಿ ಎತ್ತಿ ಮೂಸಿ ನೋಡಿ, "ಯಾಕೆ ಸಿಹಿ ವಾಸನೆ ಬರ್ತಿಲ್ಲ?" ಅಂದಳು. ಮಾವನ ಕಿವಿ ಕೆಂಪಾಯಿತು. ಟೊಪ್ಪಿ ತೆಗೆದು, "ನೀರು ಮಗಳೇ, ಬರೀ ನೀರು" ಅಂತ ಎಲ್ಲರೆದುರೇ ಒಪ್ಪಿಕೊಂಡರು. ಆಮೇಲೆ ಎಲ್ಲರನ್ನೂ ಕಾಡಿಗೆ ಕರೆದುಕೊಂಡು ಹೋಗಿ, ತೂತಿನ ತುದಿಯಲ್ಲಿ ಹೆಪ್ಪುಗಟ್ಟಿದ ಹನಿ ತೋರಿಸಿದರು. ಅವತ್ತು ಜನ ಯಾವತ್ತಿಗಿಂತ ಜಾಸ್ತಿ ಹೊತ್ತು ಇದ್ದರು.

ಅಲ್ಲಿಂದ ಮುಂದೆ ನಾವು ಎರಡು ಮೂರು ದಿನ ಮೊದಲೇ ಒಂದಷ್ಟು ನೀರನ್ನು ತೊಟ್ಟಿಯಲ್ಲಿ ತಣ್ಣಗೆ ಉಳಿಸಿಕೊಳ್ಳುತ್ತೇವೆ. ಬಿಸಿಲು ಬಿದ್ದರೆ ಹಾಲಿನ ಹಾಗೆ ಕೆಡುತ್ತದೆ, ಹಾಗಾಗಿ ಉತ್ತರದ ಗೋಡೆ ಪಕ್ಕ ಇಡಿ. ಶುಭ್ರ ಹಿಮವನ್ನೂ ಫೆಬ್ರವರಿಯಲ್ಲೇ ಡಬ್ಬಿಗೆ ತುಂಬಿ ಫ್ರೀಜರ್‌ನಲ್ಲಿಡಿ. ಮಾರ್ಚ್ ಕೊನೆಗೆ ಅಂಗಳದಲ್ಲಿ ಉಳಿದಿರೋದು ನಾಯಿ ಓಡಾಡಿದ ಹಿಮ.

ಜನ ಬಂದಮೇಲೆ ಏನು ಆಗಬಾರದು ಅನ್ನೋದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ನನ್ನ ಎರಡನೇ ವರ್ಷ. ಸಿರಪ್ ಇಳಿಸುವ ಮೂಲೆಯಲ್ಲಿ ನನ್ನನ್ನು ನಿಲ್ಲಿಸಿದ್ದರು. ಹದ ನೋಡೋದು ಸೌಟಿನಿಂದ. ಅದ್ದಿ ಎತ್ತಿದಾಗ ಹನಿ ಹನಿಯಾಗಿ ಬೀಳದೆ ಸೌಟಿನ ಅಂಚಿನಿಂದ ಹಾಳೆಯ ಹಾಗೆ ಇಳಿಬೀಳಬೇಕು. ಇಲ್ಲಿಯವರು ಅದಕ್ಕೆ ಏಪ್ರನ್ ಅನ್ನುತ್ತಾರೆ. ನನಗೆ ಅದು ಸೆರಗು. ನೀರು ಕುದಿಯುವುದಕ್ಕಿಂತ ನಾಲ್ಕು ಡಿಗ್ರಿ ಸೆಲ್ಸಿಯಸ್ ಮೇಲೆ, ಅಂದರೆ 104ರ ಹತ್ತಿರ, ಸೆರಗು ಬೀಳುತ್ತದೆ. ಸೌಟು ಎತ್ತಿ ನೋಡುತ್ತಾ ಇದ್ದೆ. ಹಿಂದಿನಿಂದ ಯಾರೋ, "ಏ, ಇದು ಜೋನಿ ಬೆಲ್ಲದ ವಾಸನೆ ಕಣೇ" ಅಂದರು. ಕನ್ನಡ! ಆ ಊರಿನಲ್ಲಿ ಎರಡು ವರ್ಷದಿಂದ ಫೋನ್ ಬಿಟ್ಟರೆ ಕನ್ನಡ ಕೇಳಿರಲಿಲ್ಲ. ತಿರುಗಿದೆ. ಅವರು ತೀರ್ಥಹಳ್ಳಿ ಕಡೆಯವರು. ಯಾವ ಊರು, ಯಾರ ಮನೆ ಅಂತ ಕೇಳಿದ್ದು ಎಷ್ಟು ಹೊತ್ತೋ, ಎರಡು ಮೂರು ನಿಮಿಷ ಇರಬಹುದು. ತಟ್ಟೆಯಲ್ಲಿ ಸಿರಪ್ ಇರೋದೇ ಒಂದೂವರೆ ಇಂಚು. ಕೆಳಗೆ ಧಗಧಗ ಬೆಂಕಿ. ಸೀದ ವಾಸನೆ ನನಗಿಂತ ಮೊದಲು ಅತ್ತೆಗೆ ಬಂತು. ಓಡಿ ಬಂದು ಒಂದು ಬಕೆಟ್ ತಣ್ಣನೆಯ ಮೇಪಲ್ ನೀರನ್ನು ಸುರಿದರು. ಮುಂಭಾಗದ ತಟ್ಟೆಯಲ್ಲಿದ್ದ ಆ ದಿನದ ಸಿರಪ್ ಪೂರ್ತಿ ಹೋಯಿತು. ಕರಿ ಉಜ್ಜಲು ವಿನೆಗರ್, ಎರಡು ದಿನ. ಅತ್ತೆ ಬೈಯಲಿಲ್ಲ. ಅದೇ ಕಷ್ಟ.

ಹಾಗಾಗಿ ಕಾಯಿಸುವವರು ಮಾತಾಡಬಾರದು, ಮಾತಾಡುವವರು ಕಾಯಿಸಬಾರದು. ಎರಡಕ್ಕೂ ಬೇರೆ ಬೇರೆ ಜನ ಇಡಿ. ನಿಮ್ಮ ಕನ್ನಡ ಕೂಟದಲ್ಲಂತೂ ಇದು ತುಂಬಾ ಮುಖ್ಯ. ಒಲೆ ಸುತ್ತ ಹಗ್ಗ ಕಟ್ಟಿ, ಮಕ್ಕಳು ತೋಳು ಚಾಚಿದರೂ ಮುಟ್ಟದಷ್ಟು ದೂರ. ಸಿರಪ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ನೀರಿನ ಹಾಗೆ ಹರಿದುಹೋಗುವುದಿಲ್ಲ.

ಕಾರು ಎಲ್ಲಿ ನಿಲ್ಲಿಸುತ್ತೀರಿ? ಹುಲ್ಲುಗಾವಲು ಬೆಳಿಗ್ಗೆ ಕಲ್ಲಿನ ಹಾಗಿರುತ್ತದೆ, ಹನ್ನೊಂದಕ್ಕೆ ಗದ್ದೆ. ನಮ್ಮಲ್ಲಿ ಒಮ್ಮೆ ಹದಿನಾಲ್ಕು ಕಾರು ಹೂತು, ಪಕ್ಕದ ಮನೆಯವರು ಟ್ರ್ಯಾಕ್ಟರ್ ತಂದು ಸಂಜೆ ತನಕ ಎಳೆದರು. ಅವರಿಗೆ ಎರಡು ಗ್ಯಾಲನ್ ಸಿರಪ್ ಕೊಟ್ಟೆವು. ಜಲ್ಲಿ ಹಾಕಿದ ಜಾಗ ಇದ್ದಷ್ಟೇ ಕಾರು ಕರೆಯಿರಿ, ಉಳಿದವರಿಗೆ ಇನ್ನೊಂದು ಹೊತ್ತು ಕೊಡಿ. ಬಾಡಿಗೆ ಟಾಯ್ಲೆಟ್ ಒಂದು, ಕೈ ತೊಳೆಯಲು ಬಿಸಿನೀರು. ಅಂಟು ಕೈಯವರು ಬಾಗಿಲು, ಗೋಡೆ, ನಿಮ್ಮ ಬೆನ್ನು ಎಲ್ಲ ಮುಟ್ಟುತ್ತಾರೆ. ಮನೆಯ ವಿಮೆ ಹೊರಗಿನ ಜನ ಬಂದಾಗ ಆಗುವ ಅಪಘಾತಕ್ಕೆ ಅನ್ವಯಿಸುತ್ತದಾ ಅಂತ ಬರವಣಿಗೆಯಲ್ಲೇ ಕೇಳಿ. ಊಟ ಹಾಕಲು, ಬಾಟಲಿ ಮಾರಲು ಏನು ನಿಯಮ ಅಂತ ನಿಮ್ಮ ಕೌಂಟಿಯ ಕೃಷಿ ವಿಸ್ತರಣಾ ಕಚೇರಿಯಲ್ಲಿ ವಿಚಾರಿಸಿ.

ಬರುವ ಮಾರ್ಚ್‌ಗೇ ನೂರು ಜನ ಬೇಡ ಅನ್ನೋದು ನನ್ನ ಅಭಿಪ್ರಾಯ. ಮೊದಲ ವರ್ಷ ಸುಮ್ನೆ ನಾಲ್ಕು ಮನೆಯವರು. ಎರಡು ಸಲ ಸೀಯಿಸಿಕೊಂಡು ಕಲಿತ ಮೇಲೆ ಉಳಿದವರನ್ನು ಕರೆಯಿರಿ.

ನನಗೆ ಸಕ್ಕರೆ ಕಾಯಿಲೆ. ಮೇಪಲ್ ಸಿರಪ್ ಮರದ್ದಲ್ವಾ, ತಿನ್ನಬಹುದಾ?
— ಮೈಸೂರಿನ ಓದುಗರು

ಕಬ್ಬೂ ಗಿಡದ್ದೇ ಅಲ್ವಾ ಸಾರ್? ಸಿರಪ್‌ನಲ್ಲಿ ನೂರಕ್ಕೆ 66 ಪಾಲು ಸಕ್ಕರೆಯೇ. ನಿಮ್ಮ ಡಾಕ್ಟರನ್ನು ಕೇಳದೆ ಬೇಡ.

ಕೊಡಗಿನಲ್ಲಿ ಚಳಿ ಇದೆ. ಮೇಪಲ್ ಗಿಡ ಹಾಕಿದರೆ ಸಿರಪ್ ಬರುತ್ತದಾ?
— ಸೋಮವಾರಪೇಟೆಯ ಓದುಗರು

ಬರಲ್ಲ. ಚಳಿ ಸಾಲದು, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಆಟ ವಾರಗಟ್ಟಲೆ ನಡೆಯಬೇಕು. ಮೆಣಸು ಹಾಕಿ.

ನಮ್ಮದು ಶಿರಸಿ ಹತ್ತಿರ. ಆಲೆಮನೆಗೆ ಬೆಂಗಳೂರಿನವರನ್ನು ಕರೆದು, ತಲೆಗೆ ಇಷ್ಟು ಅಂತ ದುಡ್ಡು ತಗೊಂಡು ಮಾಡೋಣ ಅಂತಿದ್ದೇವೆ. ತಮ್ಮ ಡಿಜೆ ಹಾಕಿಸೋಣ ಅನ್ನುತ್ತಾನೆ. ಅಪ್ಪಯ್ಯ ಬೇಡವೇ ಬೇಡ ಅನ್ನುತ್ತಾರೆ. ನೀವೇನಂತೀರಿ ಅಕ್ಕಾ?
— ಶಿರಸಿ ಕಡೆಯ ಓದುಗರು

ತಮ್ಮಾ, ಡಿಜೆ ವಿಷಯದಲ್ಲಿ ನಾನು ಅಪ್ಪಯ್ಯನ ಕಡೆ. ಕೊಪ್ಪರಿಗೆ ಕುದಿಯುವ ಸದ್ದು ಬದಲಾಗೋದರಲ್ಲೇ ಹದ ಗೊತ್ತಾಗುತ್ತದೆ. ಮೊದಲು ಬುಳಬುಳ, ಆಮೇಲೆ ಲೊಚಲೊಚ. ಡಿಜೆ ಹಾಕಿದರೆ ಅಪ್ಪಯ್ಯನಿಗೆ ಅದು ಹೇಗೆ ಕೇಳಬೇಕು?

ದುಡ್ಡಿನ ವಿಷಯದಲ್ಲಿ ನಿನ್ನ ಕಡೆ ಸ್ವಲ್ಪ. ಹಾಲು, ನೊರೆಬೆಲ್ಲ ಪುಕ್ಕಟೆ ಇರಲಿ, ಅದಕ್ಕೆ ದುಡ್ಡು ಕೇಳಿದರೆ ಅಜ್ಜ ಕನಸಿನಲ್ಲಿ ಬರುತ್ತಾರೆ. ಊಟಕ್ಕೆ ತಗೋ, ಜೋನಿ ಬೆಲ್ಲದ ಡಬ್ಬಿಗೆ ತಗೋ. ಇಲ್ಲಿ ಮಾವ ಸಿರಪ್ಪನ್ನು ನಾಲ್ಕು ಬಣ್ಣಕ್ಕೆ ಬೇರೆ ಮಾಡಿ ಪುಟ್ಟ ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಸಾಲಾಗಿ ಇಟ್ಟಿರುತ್ತಾರೆ. ಸೀಸನ್ ಶುರುವಿನದು ಬಂಗಾರದ ಬಣ್ಣ, ಕೊನೆಯದು ಕಾಫಿ ಡಿಕಾಕ್ಷನ್. ಜನ ನಾಲ್ಕನ್ನೂ ನೆಕ್ಕಿ ನೋಡಿ ಜಗಳ ಆಡುತ್ತಾರೆ, ಆಮೇಲೆ ತಮಗೆ ಬೇಕಾದ್ದನ್ನು ಕೊಳ್ಳುತ್ತಾರೆ. ನಿಮ್ಮಲ್ಲೂ ಒಂದೊಂದು ಗದ್ದೆಯ ಬೆಲ್ಲಕ್ಕೆ ಒಂದೊಂದು ರುಚಿ ಇರುತ್ತದಲ್ಲ. ಹಾಗೇ ಇಟ್ಟು ತೋರಿಸು. ಬೆಂಗಳೂರಿನವರಿಗೆ ಜೋನಿ ಬೆಲ್ಲ ಎಲ್ಲ ಒಂದೇ.

ಅಪ್ಪಯ್ಯನನ್ನು ಸ್ವಾಗತಕ್ಕೆ ನಿಲ್ಲಿಸಬೇಡ. ಕೊಪ್ಪರಿಗೆ ಹತ್ತಿರ ಅವರು ಅವರ ಪಾಡಿಗೆ ಇರಲಿ. ಜನ ನೋಡಲು ಬರೋದು ಅದನ್ನೇ.

ಮೇಪಲ್‌ನಲ್ಲಿ ತೊಡೆದೇವು ಆಗುತ್ತದಾ? ಸುಮ್ನೆ ಕುತೂಹಲ.
— ಯಲ್ಲಾಪುರದ ಓದುಗರು

ಈ ಪ್ರಶ್ನೆಗೆ ಕಾಯುತ್ತಿದ್ದೆ! ತೊಡೆದೇವು ಗೊತ್ತಿಲ್ಲದವರಿಗೆ: ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬೋರಲು ಹಾಕಿದ ಬಿಸಿ ಗಡಿಗೆಯ ಮೇಲೆ ಬಳಿದು ಮಾಡುವ, ಕಾಗದದಷ್ಟು ತೆಳ್ಳಗಿನ ಸಿಹಿ. ಮೂರು ವರ್ಷದ ಹಿಂದೆ ಮಾಡಿ ನೋಡಿದೆ. ಕಬ್ಬಿನ ಹಾಲಿನ ಬದಲು ಹಿಂದಿನ ತಟ್ಟೆಯಿಂದ ಅರ್ಧ ಕುದಿದ ಮೇಪಲ್ ನೀರು ತೆಗೆದೆ, ನಾಲಿಗೆಗೆ ಕಬ್ಬಿನ ಹಾಲಿನಷ್ಟೇ ಸಿಹಿ ಬಂದಾಗ. ಅಕ್ಕಿ ನುಣ್ಣಗೆ ರುಬ್ಬಿ ಅದರಲ್ಲೇ ಹಿಟ್ಟು ಕಲಸಿದೆ. ಗಡಿಗೆ ಇಲ್ಲ. ಅತ್ತೆಯ ಹಳೇ ಕಬ್ಬಿಣದ ಪಾತ್ರೆಯನ್ನು ಬೋರಲು ಹಾಕಿ ಒಲೆಯ ಮೇಲಿಟ್ಟೆ. ಕೋಲಿಗೆ ಮಗನ ಹಳೇ ಬನಿಯನ್ ಬಟ್ಟೆ ಸುತ್ತಿ ಹಿಟ್ಟು ಬಳಿದೆ. ಮೊದಲನೇದು ಚೂರು ಚೂರು. ಎರಡನೇದು ಪಾತ್ರೆ ಬಿಟ್ಟು ಏಳಲೇ ಇಲ್ಲ. ಐದನೇದಕ್ಕೆ ಕೈ ಕುದುರಿತು. ಕಾಗದದ ಹಾಗೆ ಎದ್ದು ಬಂತು, ತುಪ್ಪ ಸವರಿ, ಮೇಪಲ್ ಸಕ್ಕರೆ ಉದುರಿಸಿ ಮಡಿಸಿದೆ.

ಅತ್ತೆ ತಿಂದು, ಚೂರಾದ ಮೊದಲ ನಾಲ್ಕನ್ನೂ ಕೇಳಿ ತಗೊಂಡರು. ಈಗ ಪ್ರತಿ ಓಪನ್ ಹೌಸ್‌ಗೂ ಭಾನುವಾರ ಮಧ್ಯಾಹ್ನ ಆ ಪಾತ್ರೆ ಬೋರಲು ಬೀಳುತ್ತದೆ. ಹೆಸರು ಹೇಳಲು ಬಾರದೆ ಅವರು ಅದಕ್ಕೆ 'ಥೋಡಿ' ಅಂತಾರೆ. ಅಳತೆ ಬೇಕಿದ್ದವರು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಕೊಡುತ್ತೇನೆ.